ಮಳೆಗಾಲದ ಕೆಸರುದಾರಿಯಲ್ಲಿ ಸೈಕಲ್ ಸವಾರಿ: ಕಾಸರಗೋಡಿನ ಒಳನಾಡಿಗೆ ಒಂದು ಸಮಗ್ರ ಮಾರ್ಗದರ್ಶಿ

ಪೈವಳಿಕೆ, ಪುತ್ತಿಗೆ, ಎಣ್ಮಕಜೆ, ಬದಿಯಡ್ಕ, ಕುಂಬ್ಡಾಜೆ, ಬೆಳ್ಳೂರು ಪಂಚಾಯತುಗಳಲ್ಲಿ ಎಲ್ಲಿಯೇ ಆಗಲಿ ಡಾಮರು ರಸ್ತೆಯನ್ನು ಬಿಟ್ಟು ಒಳಗಿಳಿದರೆ ನೆಲದ ಕ್ರಮ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ಮೇಲೆ ಮುರಕಲ್ಲಿನ (ತೂತುತೂತಾದ ಕೆಂಪು ಕಲ್ಲಿನ) ಬೋಳು ಪದವು, ಅಂದರೆ ಗುಡ್ಡದ ಮೇಲಿನ ಸಮತಟ್ಟು ಬಯಲು, ಅದರ ಅಂಚಿನಿಂದ ಗೇರು, ರಬ್ಬರುಗಳ ನಡುವೆ ಇಳಿಯುವ ಕೆಂಪು ಮಣ್ಣಿನ ದಾರಿ, ಕೆಳಗೆ ಅಡಕೆ ತೋಟ, ತೋಟದಾಚೆ ಬೈಲು (ತಗ್ಗಿನ ಗದ್ದೆಬಯಲು), ಬೈಲಿನ ನಡುವೆ ಒಂದು ತೋಡು (ಸಣ್ಣ ಹಳ್ಳ), ತೋಡನ್ನು ದಾಟಿದರೆ ಮತ್ತೆ ಏರು. ಒಂದೂವರೆ ಕಿಲೋಮೀಟರಿನೊಳಗೆ ಇಷ್ಟೆಲ್ಲ ಬಂದುಹೋಗುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೇ ಸುರಿಯುವ ಈ ಊರುಗಳಲ್ಲಿ ಕೆಸರು ಎಂಬ ಒಂದೇ ಮಾತಿನಿಂದ ನಾವು ಕರೆಯುವುದು ನಿಜವಾಗಿ ಐದಾರು ಬೇರೆ ಬೇರೆ ವಸ್ತುಗಳನ್ನು. ಒಂದರ ಮೇಲೆ ಸಲ್ಲುವ ಉಪಾಯ ಇನ್ನೊಂದರ ಮೇಲೆ ನಮ್ಮನ್ನು ಕೆಡವುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಸೈಕಲಿಗಿಂತ ಮಣ್ಣಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಂತ 1: ದಿನವನ್ನು ಆರಿಸಿಕೊಳ್ಳುವುದು

ಮೊದಲ ಮಳೆಯ ಎರಡು ವಾರ ಹೋಗಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬೇಸಿಗೆಯ ಧೂಳು, ಒಣಗಿದ ಎಲೆ, ರಬ್ಬರು ತೋಟದ ಕಸ ಎಲ್ಲವೂ ಆಗ ಒಂದು ಜಾರುವ ಪದರವಾಗಿ ನೆಲದ ಮೇಲೆ ಕೂತಿರುತ್ತವೆ. ಮಣ್ಣು ಇನ್ನೂ ಹದಕ್ಕೆ ಬಂದಿರುವುದಿಲ್ಲ. ಜುಲೈಯಲ್ಲಿ, ತುಳು ತಿಂಗಳಾದ ಆಟಿಯ ಆರಂಭದ ದಿನಗಳಲ್ಲಿ, ತೋಡುಗಳು ಯಾವ ಗಳಿಗೆಯಲ್ಲಿ ಉಕ್ಕುತ್ತವೆ ಎಂದು ಹೇಳಲಾಗದು. ಆಟಿ ಕಳೆದು ಸೋಣ ಬಂದಾಗ, ಅಂದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ಮಳೆ ಬಿಟ್ಟು ಬಿಟ್ಟು ಬರುತ್ತದೆ, ನಡುವೆ ಬಿಸಿಲು ಕಾಣಿಸುತ್ತದೆ, ಮಣ್ಣು ಗಟ್ಟಿಯಾಗಿ ಕೂತಿರುತ್ತದೆ. ಕಲಿಯುವವರಿಗೆ ಇದೇ ಉತ್ತಮ ಕಾಲ. ಅಕ್ಟೋಬರ್, ನವೆಂಬರಿನ ಹಿಂಗಾರು ಮಳೆ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನೊಡನೆ ಬರುವುದರಿಂದ ಆ ತಿಂಗಳುಗಳಲ್ಲಿ ಮಧ್ಯಾಹ್ನದ ಒಳಗೆ ಪದವಿನಿಂದ ಕೆಳಗೆ ಇಳಿದಿರಬೇಕು. ಮರವಿಲ್ಲದ ಬಯಲಿನಲ್ಲಿ ನಿಂತ ಮನುಷ್ಯನೇ ಅಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತುವಾಗಿರುತ್ತಾನೆ.

ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನು ಅಂಕಿಗಳಲ್ಲಿ ಅರ್ಥ ಮಾಡಿಕೊಳ್ಳುವುದು ಒಳ್ಳೆಯದು. 24 ಗಂಟೆಗಳಲ್ಲಿ 64.5 ಮಿಲಿಮೀಟರ್ ಮೀರಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ದಾಟಿದರೆ ವಿಪರೀತ ಮಳೆ ಎಂದು ಲೆಕ್ಕ. ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ಸಾಮಾನ್ಯವಾಗಿ ಇದೇ ಕ್ರಮದಲ್ಲಿ ಬರುತ್ತವೆ. ಹಳದಿ ಇರುವ ದಿನ ತೋಡು ದಾಟದ ದಾರಿಯನ್ನು ಆರಿಸಿಕೊಳ್ಳಬಹುದು. ಕಿತ್ತಳೆ ಬಂದರೆ ಆ ದಿನ ಮನೆಯಲ್ಲಿಯೇ ಇರಬೇಕು, ಮರುದಿನವೂ ಬೈಲಿಗೆ ಇಳಿಯಬಾರದು. ಮಧೂರು ದೇವಸ್ಥಾನದ ಅಂಗಳಕ್ಕೆ ಮಧುವಾಹಿನಿ ಹೊಳೆಯ ನೀರು ಬಂತು ಎಂಬ ಸುದ್ದಿ ಕೇಳಿದ ದಿನ ಒಳನಾಡಿನ ಯಾವ ಸಂಕವನ್ನೂ (ಕಾಲುಸೇತುವೆಯನ್ನೂ) ನಂಬಲಾಗದು.

ಹಂತ 2: ಸೈಕಲನ್ನು ಹೊಂದಿಸುವುದು

ಗೇರಿನ ದುಬಾರಿ ಸೈಕಲ್ ಇಲ್ಲದೆ ಇದು ಸಾಧ್ಯವಿಲ್ಲ ಎಂದು ಯಾರೂ ಹಿಂಜರಿಯಬೇಕಾಗಿಲ್ಲ. ಕೆಸರಿನಲ್ಲಿ ಮೊದಲು ಕೆಡುವುದೇ ಹಿಂದಿನ ಗೇರು ಬದಲಾಯಿಸುವ ಡಿರೇಲರ್. ಅಡಕೆ ಸೋಗೆಯ (ಗರಿಯ) ಒಂದು ನಾರು ಅದಕ್ಕೆ ಸುತ್ತಿಕೊಂಡಾಗ ನಾನು ಪೆಡಲನ್ನು ಇನ್ನೊಂದು ಸುತ್ತು ಒತ್ತಿದೆ. ಅದು ಇಡಿಯಾಗಿ ಕಿತ್ತು ಚಕ್ರದ ಕಡ್ಡಿಗಳೊಳಗೆ ಸಿಲುಕಿತು. ಅಲ್ಲಿಂದ ಡಾಮರು ರಸ್ತೆಯವರೆಗೆ ಏಳು ಕಿಲೋಮೀಟರ್ ನಡೆದೆ. ಚಕ್ರದ ಬಳಿ ಕರಕರ ಸದ್ದು ಕೇಳಿದ ಕ್ಷಣ ತುಳಿಯುವುದನ್ನು ನಿಲ್ಲಿಸಿ, ಇಳಿದು, ಪೆಡಲನ್ನು ಹಿಂದಕ್ಕೆ ತಿರುಗಿಸಿ ನೋಡಬೇಕು ಎಂಬುದನ್ನು ಅಂದು ಕಲಿತೆ. ಒಂದೇ ಗೇರಿನ ಸೈಕಲಿಗೆ ಈ ಅಪಾಯವಿಲ್ಲ, ಆದರೆ ನಮ್ಮ ಕಡಿದಾದ ಏರುಗಳಲ್ಲಿ ಅದನ್ನು ಹೆಚ್ಚು ದೂರ ತಳ್ಳಬೇಕಾಗುತ್ತದೆ. ಗೇರು ಇರುವುದಾದರೆ ಮುಂದೆ ಒಂದೇ ಹಲ್ಲುಚಕ್ರ, 32 ಹಲ್ಲು, ಹಿಂದೆ ದೊಡ್ಡದು 42 ಹಲ್ಲಿನ ಸುಮಾರಿಗೆ ಇದ್ದರೆ ಸಾಕು.

ಟೈರ್ ಬಹಳ ಅಗಲ ಬೇಡ. 2.0ರಿಂದ 2.2 ಇಂಚಿನದು, ಗುಬುಟುಗಳು (ಮೈಮೇಲಿನ ಉಬ್ಬುಗಳು) ಎತ್ತರವಾಗಿ, ಒಂದಕ್ಕೊಂದು ದೂರವಾಗಿ ಇರುವುದು ಬೇಕು; ಗುಬುಟುಗಳು ಒತ್ತೊತ್ತಾಗಿದ್ದರೆ ಕೆಂಪು ಮಣ್ಣು ನಡುವೆ ಮೆತ್ತಿಕೊಂಡು ಟೈರ್ ನುಣ್ಣಗಿನ ಉರುಳೆಯಾಗುತ್ತದೆ. ಟೈರಿಗೂ ಚೌಕಟ್ಟಿಗೂ ನಡುವೆ ಎರಡೂ ಬದಿಯಲ್ಲಿ ಕಿರುಬೆರಳು ಸಲೀಸಾಗಿ ತೂರುವಷ್ಟು ಜಾಗವಿರಬೇಕು. ಗಾಳಿಯ ಒತ್ತಡದ ವಿಷಯದಲ್ಲಿ ನಮ್ಮ ನೆಲಕ್ಕೆ ಒಂದು ವಿಶೇಷವಿದೆ. ಬರಿಯ ಕೆಸರಿಗೆ 20 ಪಿಎಸ್‌ಐ ಚೆನ್ನಾಗಿ ಹಿಡಿಯುತ್ತದೆ, ಆದರೆ ಕೆಸರಿನಡಿಯಲ್ಲಿ ಮುರಕಲ್ಲಿನ ಚೂಪು ಅಂಚು ಕಾದಿರುತ್ತದೆ, ಟ್ಯೂಬು ಅದಕ್ಕೂ ರಿಮ್ಮಿಗೂ ನಡುವೆ ಸಿಕ್ಕಿ ಎರಡು ಕಡೆ ತೂತಾಗುತ್ತದೆ. 65ರಿಂದ 70 ಕಿಲೋ ತೂಕದವರು ಮುಂದಿನ ಟೈರಿಗೆ 25, ಹಿಂದಿನದಕ್ಕೆ 28ರಿಂದ 30 ಇಟ್ಟುಕೊಂಡು, ಅನುಭವ ಬಂದಂತೆ ಒಂದೆರಡು ಇಳಿಸಿ ನೋಡಬಹುದು.

ಪೂರ್ಣ ಮಡ್‌ಗಾರ್ಡುಗಳನ್ನು ಬಿಚ್ಚಿಡಬೇಕು, ಏಕೆಂದರೆ ಅವುಗಳೊಳಗೆ ಮಣ್ಣು ತುಂಬಿ ಚಕ್ರವೇ ನಿಂತುಬಿಡುತ್ತದೆ. ಬ್ರೇಕ್ ಡಿಸ್ಕ್ ಆಗಿದ್ದರೆ ನೆಮ್ಮದಿ. ರಿಮ್ಮನ್ನು ಹಿಡಿಯುವ ರಬ್ಬರಿನ ಬ್ರೇಕಾದರೆ ಮುರಕಲ್ಲಿನ ಹುಡಿ ಅದನ್ನು ಉಪ್ಪುಕಾಗದದಂತೆ ಸವೆಸುತ್ತದೆ. ಹೊಸ ಜೋಡಿ ಒಂದೇ ದಿನದಲ್ಲಿ ಅರ್ಧವಾಗಿರುವುದನ್ನು ನೋಡಿದ್ದೇನೆ, ಆದ್ದರಿಂದ ಬದಲಿ ಜೋಡಿ ಚೀಲದಲ್ಲಿರಲಿ. ಪೆಡಲುಗಳು ಚಪ್ಪಟೆಯಾಗಿ, ಮೊಳೆಗಳಿರುವಂಥವಾಗಿರಬೇಕು. ಪಾದವನ್ನು ಪೆಡಲಿಗೆ ಬಂಧಿಸುವ ವ್ಯವಸ್ಥೆ ಈ ದಾರಿಗೆ ಬೇಡ, ಕ್ಷಣಕ್ಷಣಕ್ಕೂ ಕಾಲು ಕೆಳಗಿಡಬೇಕಾಗುತ್ತದೆ.

ಹೊರಡುವ ಹಿಂದಿನ ರಾತ್ರಿ ಚೈನಿಗೆ ಮಳೆಗಾಲದ ದಪ್ಪ ಎಣ್ಣೆಯನ್ನು ಕೊಂಡಿಗೊಂದು ಹನಿಯಂತೆ ಬಿಟ್ಟು, ಹೊರಗಿನದನ್ನು ಬಟ್ಟೆಯಿಂದ ಒರೆಸಬೇಕು. ಮನೆಯಲ್ಲಿ ಕೈಗೆ ಸಿಗುತ್ತದೆಂದು ತೆಂಗಿನೆಣ್ಣೆ ಹಾಕುವವರಿದ್ದಾರೆ. ಅದು ಒಂದು ಮಳೆಗೇ ತೊಳೆದುಹೋಗುತ್ತದೆ, ಉಳಿದದ್ದು ಅಂಟಾಗುತ್ತದೆ. ಸೀಟಿನ ಕಂಬಕ್ಕೂ ಚಕ್ರದ ಅಚ್ಚುಗಳಿಗೂ ಗ್ರೀಸ್ ಇರಲಿ.

ಹಂತ 3: ದಾರಿಯನ್ನು ಕೇಳಿ ತಿಳಿಯುವುದು

ನಕ್ಷೆ ದಾರಿಯನ್ನು ತೋರಿಸುತ್ತದೆ, ಮಳೆಯನ್ನು ತೋರಿಸುವುದಿಲ್ಲ. ಮೊಬೈಲಿನಲ್ಲಿ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಅಗತ್ಯ, ಏಕೆಂದರೆ ಗುಡ್ಡಗಳ ಮರೆಯಲ್ಲಿ ಸಿಗ್ನಲ್ ಇರುವುದಿಲ್ಲ. ಆದರೂ ಕೊನೆಯ ಮಾತು ಅಲ್ಲಿನವರದ್ದೇ. ಕೇಳುವ ರೀತಿ ಮುಖ್ಯ. “ಈ ದಾರಿ ಹೋಗುತ್ತದೆಯೇ?” ಎಂದರೆ ಬೇಸಿಗೆಯ ನೆನಪಿನಲ್ಲಿ “ಹೋಗುತ್ತದೆ” ಎಂಬ ಉತ್ತರ ಬರುತ್ತದೆ. “ನಿನ್ನೆ ಜೀಪ್ ಬಂದಿದೆಯೇ? ಸಂಕದ ಮೇಲೆ ನೀರಿದೆಯೇ? ಈ ವರ್ಷ ಜೆಸಿಬಿ ಹಾಕಿದ್ದಾರೆಯೇ?” ಎಂದು ಕೇಳಿದರೆ ಬೇಕಾದ ಉತ್ತರ ಸಿಗುತ್ತದೆ. ಕನ್ನಡ, ತುಳು, ಮಲಯಾಳಂ ಯಾವುದರಲ್ಲಿ ಕೇಳಿದರೂ ಈ ಭಾಗದಲ್ಲಿ ಉತ್ತರಕ್ಕೆ ಕೊರತೆಯಿಲ್ಲ. ಜೆಸಿಬಿಯ ಪ್ರಶ್ನೆಯನ್ನು ಬಿಡಬೇಡಿ. ಅದರ ಕಾರಣ ಮುಂದೆ ಬರುತ್ತದೆ.

ಮೊದಲ ಸಲ 15 ಕಿಲೋಮೀಟರಿಗಿಂತ ಹೆಚ್ಚು ಯೋಚಿಸಬೇಡಿ. ನುರಿತವರಿಗೂ ಇಲ್ಲಿ ಗಂಟೆಗೆ ಐದಾರು ಕಿಲೋಮೀಟರಿನ ಮೇಲೆ ಸಾಗದು. ಮೂರು ನಾಲ್ಕು ಕಿಲೋಮೀಟರಿಗೊಮ್ಮೆ ಡಾಮರು ರಸ್ತೆಗೆ ಹೊರಬರುವ ಅವಕಾಶವಿರುವಂತೆ ದಾರಿಯನ್ನು ಹೆಣೆಯಬೇಕು. ಮಂಜೇಶ್ವರ ತಾಲೂಕಿನಲ್ಲಿ ನಂದಾರಪದವಿನಿಂದ ಚೇವಾರಿನತ್ತ ಸಾಗುವ ಮಲೆನಾಡು ಹೆದ್ದಾರಿ ಇದಕ್ಕೆ ಬಹಳ ಅನುಕೂಲ, ಅದರ ಎಡಬಲದ ಒಳದಾರಿಗಳಲ್ಲಿ ಸುತ್ತಿ ಮತ್ತೆ ಅದಕ್ಕೇ ಸೇರಬಹುದು. ಬೆಳಗ್ಗೆ ಏಳಕ್ಕೆ ಹೊರಟು ಮಧ್ಯಾಹ್ನ ಎರಡಕ್ಕೆ ಮುಗಿಸುವುದು ನನ್ನ ಕ್ರಮ. ಮೋಡ ಕವಿದ ದಿನ ಅಡಕೆ ತೋಟದೊಳಗೆ ಸಂಜೆ ಐದೂವರೆಗೇ ಕತ್ತಲಾಗುತ್ತದೆ.

ಚೀಲದಲ್ಲಿ ಎರಡು ಟ್ಯೂಬು, ಪಂಪು, ಟೈರ್ ಬಿಚ್ಚುವ ಕಡ್ಡಿಗಳು, ಚೈನಿನ ಕೊಂಡಿ ಮತ್ತು ಅದನ್ನು ಕಳಚುವ ಉಪಕರಣ, ಡಿರೇಲರನ್ನು ಚೌಕಟ್ಟಿಗೆ ಜೋಡಿಸುವ ಹ್ಯಾಂಗರ್ ಒಂದು, ಹಳೆಯ ಹಲ್ಲುಜ್ಜುವ ಬ್ರಷ್, ಸಣ್ಣ ಚಾಕು ಇರಲಿ. ತಿನ್ನಲು ಬಾಳೆಹಣ್ಣು, ಬೆಲ್ಲ ಬೆರೆಸಿದ ಅವಲಕ್ಕಿ. ಮಳೆಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಬೆವರು ಮಾತ್ರ ಹರಿಯುತ್ತಲೇ ಇರುತ್ತದೆ. ಗಂಟೆಗೆ ಅರ್ಧ ಲೀಟರ್ ನೀರು ಕುಡಿಯಲೇಬೇಕು.

ಹಂತ 4: ಮಣ್ಣನ್ನು ಓದಿ ತುಳಿಯುವುದು

ಎಲ್ಲ ಬಗೆಯ ಕೆಸರಿಗೂ ಅನ್ವಯಿಸುವ ಮಾತುಗಳು ಕೆಲವೇ. ಗೇರನ್ನು ಕೆಸರಿಗೆ ಇಳಿಯುವ ಮೊದಲೇ ಬದಲಾಯಿಸಬೇಕು. ಅತಿ ಹಗುರ ಗೇರಿನಲ್ಲಿ ಹಿಂದಿನ ಚಕ್ರ ಸುಮ್ಮನೆ ತಿರುಗುತ್ತದೆ, ಅತಿ ಭಾರದ್ದರಲ್ಲಿ ನಿಂತುಹೋಗುತ್ತೇವೆ; ನಿಮಿಷಕ್ಕೆ 60ರಿಂದ 70 ಸುತ್ತು ಒಂದೇ ಸಮನೆ ತುಳಿಯಲು ಆಗುವಂಥದ್ದು ಸರಿ. ಸೀಟಿನ ಮೇಲೆಯೇ ಕುಳಿತು, ಮೊಣಕೈಗಳನ್ನು ಸಡಿಲ ಬಿಟ್ಟು, ನೋಟವನ್ನು ಐದಾರು ಮೀಟರ್ ಮುಂದೆ ಇಡಬೇಕು. ಮುಂದಿನ ಚಕ್ರ ಅತ್ತಿತ್ತ ಅಲುಗಾಡಿದರೆ ಹ್ಯಾಂಡಲನ್ನು ಬಿಗಿಹಿಡಿಯಬಾರದು, ಅದು ತಾನೇ ದಾರಿ ಹುಡುಕಿಕೊಳ್ಳುತ್ತದೆ. ಬ್ರೇಕನ್ನು ತಿರುವಿನ ಮೊದಲು ಹಿಡಿದು, ತಿರುವಿನಲ್ಲಿ ಬಿಡಬೇಕು.

ಇನ್ನು ಒಂದೊಂದೇ ನೆಲ. ಪದವಿನ ಮುರಕಲ್ಲು ನೋಡಲು ಗಟ್ಟಿ, ನಿಜಕ್ಕೂ ಗಟ್ಟಿಯೇ, ಆದರೆ ಜುಲೈ ಕೊನೆಗೆ ಅದರ ಮೇಲೆ ಹಾವಸೆ (ಪಾಚಿ) ಕಟ್ಟುತ್ತದೆ. ಮಳೆಯಲ್ಲಿ ಹಸಿರಾಗಿ ಕಾಣುವ ಹಾವಸೆಯನ್ನು ಎಲ್ಲರೂ ಗುರುತಿಸುತ್ತಾರೆ. ಅಪಾಯದ್ದು ಕಪ್ಪು ಹಾವಸೆ. ಬಗ್ಗಿ ನೋಡಿದರೆ ಒದ್ದೆ ಕಲ್ಲಿನ ಸಣ್ಣ ಸಣ್ಣ ತೂತುಗಳು ಸ್ಪಷ್ಟವಾಗಿ ಕಾಣುವಲ್ಲಿ ಟೈರ್ ಹಿಡಿಯುತ್ತದೆ. ತೂತುಗಳು ಮುಚ್ಚಿ, ಕಲ್ಲಿನ ಮೇಲೆ ಎಣ್ಣೆ ಸವರಿದಂತೆ ಮಂದ ಹೊಳಪು ಇರುವಲ್ಲಿ ಹಿಡಿಯುವುದಿಲ್ಲ. ಬೆರಳಿನಿಂದ ಉಜ್ಜಿದರೆ ಲೋಳೆ ತಗಲುತ್ತದೆ. ಅಂಥ ಜಾಗದಲ್ಲಿ ಸೈಕಲ್ ನೆಟ್ಟಗಿರಬೇಕು, ತಿರುಗಿಸಬಾರದು, ಬ್ರೇಕ್ ಮುಟ್ಟಬಾರದು, ಜೋರಾಗಿ ತುಳಿಯಲೂ ಬಾರದು; ಬಂದ ವೇಗದಲ್ಲಿಯೇ ನೇರವಾಗಿ ದಾಟಿಬಿಡಬೇಕು. ಪದವಿನಲ್ಲಿ ಹಳೆಯ ಕಲ್ಲು ಕೋರೆಗಳೂ ಇರುತ್ತವೆ. ಮಳೆಗಾಲದಲ್ಲಿ ಅವು ತುಂಬಿ, ಮೇಲ್ನೋಟಕ್ಕೆ ಒಂದು ಸಾಧಾರಣ ಹೊಂಡದಂತೆಯೇ ಕಾಣುತ್ತವೆ. ಅಂಚು ಗರಗಸದಿಂದ ಕೊಯ್ದಂತೆ ನೇರವಾಗಿರುವ ಯಾವ ನೀರಿಗೂ ಚಕ್ರ ಇಳಿಸಬಾರದು. ಪೊಸಡಿಗುಂಪೆಯಂಥ ಗುಡ್ಡಗಳ ಮೇಲೆ ಕವಿಯುವ ಮಂಜಿನಲ್ಲಂತೂ ಇಳಿದು ನಡೆಯುವುದೇ ಸರಿ.

ಪದವಿನಿಂದ ಇಳಿಯುವ ಕೆಂಪು ಮಣ್ಣಿನ ಹಳೆಯ ದಾರಿ ಇದ್ದುದರಲ್ಲಿ ನಂಬಿಕಸ್ಥ. ಅದರಲ್ಲಿ ಕಿರುಗಲ್ಲು ಬೆರೆತಿರುತ್ತದೆ, ನೀರು ಹರಿದು ಮೇಲಿನ ಸಡಿಲ ಮಣ್ಣು ತೊಳೆದುಹೋಗಿರುತ್ತದೆ. ಜೀಪಿನ ಚಕ್ರ ಕೊರೆದ ಎರಡು ಚರಂಡಿಗಳಿದ್ದರೆ ಆಳ ಕಡಿಮೆಯಿರುವುದನ್ನು ಮೊದಲೇ ಆರಿಸಿ, ಅದರಲ್ಲಿಯೇ ಉಳಿಯಬೇಕು. ನಡುವೆ ಮನಸ್ಸು ಬದಲಾಯಿಸಿ ಅಂಚು ಹತ್ತಲು ಹೋದಾಗಲೇ ಬೀಳುವುದು. ಇಳಿಜಾರಿನಲ್ಲಿ ಪೆಡಲುಗಳನ್ನು ಸಮನಾಗಿ ಹಿಡಿದು, ಸೊಂಟವನ್ನು ಸೀಟಿನ ಹಿಂದಕ್ಕೆ ತಂದು, ಹಿಂದಿನ ಬ್ರೇಕನ್ನು ಹೆಚ್ಚಾಗಿ, ಮುಂದಿನದನ್ನು ಒಂದೇ ಬೆರಳಿನಿಂದ ಹಗುರವಾಗಿ ಒತ್ತಿ ಬಿಟ್ಟು ಒತ್ತಿ ಬಿಟ್ಟು ಇಳಿಯಬೇಕು.

ಈಗ ಜೆಸಿಬಿಯ ವಿಷಯ. ನಮ್ಮ ಕೆಂಪು ಮಣ್ಣಿನ ಮತ್ತು ಮುರಕಲ್ಲಿನ ಅಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಬಣ್ಣದ ನುಣುಪಾದ ಶೇಡಿ ಮಣ್ಣಿನ ಪದರವಿದೆ. ಒಣಗಿದ್ದಾಗ ಅದು ಗೋಡೆಯಂತೆ ನಿಲ್ಲುತ್ತದೆ, ನೀರು ಕುಡಿದಾಗ ತ್ರಾಣವನ್ನೆಲ್ಲ ಕಳೆದುಕೊಳ್ಳುತ್ತದೆ. ಹೊಸದಾಗಿ ಗುಡ್ಡ ಕೊರೆದು ಮಾಡಿದ ದಾರಿಯಲ್ಲಿ ಈ ಶೇಡಿ ಮೇಲಕ್ಕೆ ಬಂದಿರುತ್ತದೆ. ಇದರ ಮೇಲೆ ಯಾವ ಟೈರೂ ನಿಲ್ಲುವುದಿಲ್ಲ, ಹತ್ತು ಮೀಟರಿನಲ್ಲಿ ಚಕ್ರ ರೊಟ್ಟಿಯ ಹಿಟ್ಟು ಸುತ್ತಿದಂತಾಗುತ್ತದೆ. ಇಳಿದು, ದಾರಿಯ ಅಂಚಿನ ಹುಲ್ಲಿನ ಮೇಲೆ ಸೈಕಲನ್ನು ತಳ್ಳಬೇಕು. ಏರಿನಲ್ಲಿ ಸೈಕಲನ್ನೇ ಊರುಗೋಲಾಗಿ ಬಳಸಬಹುದು: ಒಂದು ತೋಳಿನಷ್ಟು ಮುಂದೆ ತಳ್ಳಿ, ಎರಡೂ ಬ್ರೇಕ್ ಹಿಡಿದು, ಅದರ ಆಧಾರದಲ್ಲಿ ಎರಡು ಹೆಜ್ಜೆ ಏರಿ, ಮತ್ತೆ ತಳ್ಳುವುದು. ಅಡ್ಡ ಇಳಿಜಾರಿನಲ್ಲಿ ನಾವು ಮೇಲಿನ ಬದಿಯಲ್ಲಿ, ಸೈಕಲ್ ಕೆಳಗಿನ ಬದಿಯಲ್ಲಿ ಇರಬೇಕು. ಕೊರೆದ ಬರೆಯ (ಗುಡ್ಡದ ಕಡಿದಾದ ಗೋಡೆಯ) ಅಡಿಯಲ್ಲಿ ಚೈನು ಸರಿಪಡಿಸಲೆಂದೋ ಮಳೆಗೆ ಮರೆಯೆಂದೋ ಎಂದಿಗೂ ನಿಲ್ಲಬೇಡಿ. ಬರೆಯಿಂದ ಕೆಸರು ನೀರು ಹೊಸದಾಗಿ ಒಸರುತ್ತಿದ್ದರೆ, ಮೇಲಿನ ಮರಗಳು ವಾಲಿದ್ದರೆ, ಬಂದ ದಾರಿಯಲ್ಲೇ ಹಿಂದಿರುಗಬೇಕು.

ಕಾಂಕ್ರೀಟ್ ಹಾಕಿದ ಕಡಿದಾದ ಏರುಗಳ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಮನೆಗಳಿಗೆ ಹೋಗುವ ಆ ದಾರಿಗಳಲ್ಲಿ ವಾಹನದ ಚಕ್ರ ಓಡುವ ಎರಡು ಪಟ್ಟಿಗಳು ಮಾತ್ರ ಶುಭ್ರವಾಗಿರುತ್ತವೆ, ನಡುವೆಯೂ ಅಂಚಿನಲ್ಲೂ ಹಾವಸೆ ಇರುತ್ತದೆ. ಪಟ್ಟಿಯನ್ನು ಬಿಡಬಾರದು.

ತೋಟದೊಳಗಿನ ನೆಲ ಮೆತ್ತಗಿದ್ದರೂ ಬೇರುಗಳಿಂದ ಬಿಗಿದಿರುತ್ತದೆ. ಅಲ್ಲಿ ಜಾರಿಸುವುದು ಬಿದ್ದ ಅಡಕೆ ಹಾಳೆ (ಗರಿಯ ಬುಡದ ಅಗಲ ಹೊದಿಕೆ) ಮತ್ತು ಸೋಗೆ. ಹಾಳೆಯ ಒಳಮೈ ಮೇಲೆ ಚಕ್ರ ಬಿದ್ದರೆ ಮಕ್ಕಳು ಹಾಳೆಯಲ್ಲಿ ಕುಳಿತು ಎಳೆದಾಡುವ ಆಟ ನೆನಪಾಗುವಷ್ಟು ಸರಾಗವಾಗಿ ಸೈಕಲ್ ಜಾರುತ್ತದೆ; ಸುತ್ತಿಕೊಂಡು ಹೋಗಬೇಕು ಅಥವಾ ಇಳಿದು ಬದಿಗೆ ಸರಿಸಬೇಕು. ಮಳೆ ಬಿಟ್ಟ ಹೊತ್ತಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುತ್ತಿರುತ್ತಾರೆ, ಪೈಪು ದಾರಿಗೆ ಅಡ್ಡ ಬಿದ್ದಿರುತ್ತದೆ. ಮೇಲೆ ಮರದಲ್ಲಿ ಆಳು ಇರುವಾಗ ಕೂಗಿ ತಿಳಿಸಿ, ಒಪ್ಪಿಗೆ ಬಂದ ಮೇಲೆ, ಸೈಕಲನ್ನು ಪೈಪಿನ ಮೇಲಿಂದ ಎತ್ತಿ ದಾಟಿಸಬೇಕು.

ಬೈಲಿನಲ್ಲಿ ಹೇಳುವುದು ಒಂದೇ: ಗದ್ದೆಯ ಹುಣಿಯ (ಬದುವಿನ) ಮೇಲೆ ಸೈಕಲ್ ಓಡಿಸಕೂಡದು. ನೆಟ್ಟ ಏಣಿಲು (ಮಳೆಗಾಲದ ಮೊದಲ ಭತ್ತದ) ಬೆಳೆಗೆ ನೀರು ನಿಲ್ಲಿಸುವುದು ಆ ಒಂದಡಿ ಮಣ್ಣು. ಒಮ್ಮೆ ಚಕ್ರ ಕೊರೆದ ಗೀರಿನಲ್ಲಿ ರಾತ್ರಿಯ ಮಳೆ ಹರಿದು ಬೆಳಗಾಗುವುದರೊಳಗೆ ಹುಣಿಯೇ ಒಡೆಯುತ್ತದೆ. ಹೆಗಲ ಮೇಲೆ ಹೊತ್ತು ನಡೆಯಿರಿ.

ಹಂತ 5: ತೋಡು, ಸಂಕ, ತಡಮೆ

ಹೊರುವ ಕ್ರಮ ಹೀಗೆ. ಸೈಕಲಿನ ಎಡಬದಿಯಲ್ಲಿ ನಿಂತು, ಬಲಗೈಯನ್ನು ಚೌಕಟ್ಟಿನ ತ್ರಿಕೋನದೊಳಗೆ ತೂರಿಸಿ, ಮೇಲಿನ ಕಂಬಿಯನ್ನು ಬಲಹೆಗಲಿನ ಮೇಲೆ ಕೂರಿಸಿ, ಅದೇ ಕೈಯಿಂದ ಹ್ಯಾಂಡಲನ್ನು ಹಿಡಿಯಬೇಕು. ಚೈನು ಹೊರಬದಿಗೆ ಉಳಿಯುತ್ತದೆ, ಎಡಗೈ ಖಾಲಿ ಇರುತ್ತದೆ. ಅಡಕೆ ಮರದ ಸಂಕದ ಮೇಲೆ ಸೈಕಲ್ ಓಡಿಸುವ ಪ್ರಶ್ನೆಯೇ ಇಲ್ಲ. ದಾಟುವ ಮೊದಲು ಮರದ ಎರಡೂ ತುದಿಗಳನ್ನು ಕಾಲಿನಿಂದ ಒತ್ತಿ ನೋಡಿ. ಮಣ್ಣಿನೊಳಗೆ ಹುದುಗಿರುವ ತುದಿಯೇ ಮೊದಲು ಕುಂಬಾಗುವುದು (ಕೊಳೆಯುವುದು).

ಸಂಕವಿಲ್ಲದ ತೋಡಿಗೆ ಕೋಲು ಹಾಕಿ ನೋಡಬೇಕು. ನೀರು ಮೊಣಕಾಲಿನ ಕೆಳಗಿದ್ದು, ತಳ ಹೊಯಿಗೆಯಾಗಿ (ಮರಳಾಗಿ) ಕಾಣುತ್ತಿದ್ದರೆ ಸೈಕಲನ್ನು ಹೊಳೆಯ ಕೆಳಬದಿಗೆ ಹಿಡಿದು ನಡೆದು ದಾಟಬಹುದು. ನೀರು ಕೆಂಪಾಗಿ, ತಳ ಕಾಣದೆ, ಕಸಕಡ್ಡಿ ಹೊತ್ತು ಬರುತ್ತಿದ್ದರೆ ಆಳ ಎಷ್ಟೇ ಇರಲಿ ಇಳಿಯಬಾರದು. ಸಣ್ಣ ತೋಡುಗಳು ಮಳೆ ನಿಂತ ಎರಡು ಮೂರು ಗಂಟೆಗಳಲ್ಲಿ ಇಳಿಯುತ್ತವೆ. ಶಿರಿಯಾ ಹೊಳೆಗೆ ಸೇರುವ ದೊಡ್ಡ ತೋಡುಗಳಲ್ಲಿ ಅಷ್ಟು ಬೇಗ ಇಳಿಯದು, ಅಲ್ಲಿ ಸೇತುವೆಯ ದಾರಿಯೇ ದಾರಿ.

ತಡಮೆ, ಅಂದರೆ ಬೇಲಿಯಲ್ಲಿ ಕೋಲು ಅಡ್ಡವಿಟ್ಟ ದಾರಿ, ದಾಟಿದ ಮೇಲೆ ಸರಿಸಿದ ಕೋಲನ್ನು ಇದ್ದಂತೆಯೇ ಇಡಬೇಕು. ನಾಗಬನ, ದೈವಸ್ಥಾನಗಳ ಅಂಗಳವನ್ನು ಅಡ್ಡದಾರಿಯಾಗಿ ಬಳಸಬಾರದು. ಪದವಿನ ಹುಲ್ಲಿನಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಅರಳುವ ನೀಲಿ, ಬಿಳಿ ಪುಟ್ಟ ಹೂಗಳು ಕಲ್ಲಿನ ಮೇಲಿನ ಬೆರಳಗಲದ ಮಣ್ಣಿನಲ್ಲಿ ಬದುಕುವಂಥವು, ಆ ಮಣ್ಣು ಕಿತ್ತರೆ ಮತ್ತೆ ಕೂಡಿಬರಲು ಬಹುಕಾಲ ಬೇಕು. ಆದ್ದರಿಂದ ನಡೆದು ಸವೆದ ಜಾಡಿನಲ್ಲಿಯೇ ಉಳಿಯಿರಿ.

ಗಾಳಿಗೆ ತುಂಡಾಗಿ ಬಿದ್ದ ವಿದ್ಯುತ್ ತಂತಿ ಕಂಡರೆ ಕನಿಷ್ಠ ಹತ್ತು ಮೀಟರ್ ದೂರ ನಿಂತು 1912ಕ್ಕೆ ಕರೆಮಾಡಿ ತಿಳಿಸಬೇಕು. ಒದ್ದೆ ನೆಲವೂ ವಿದ್ಯುತ್ತನ್ನು ಹರಿಸುತ್ತದೆ. ಹಂದಿಗೆಂದು ಕಟ್ಟಿದ ಬೇಲಿಯ ತಂತಿಯನ್ನೂ ಮುಟ್ಟಬಾರದು.

ಹಂತ 6: ಮೈಯ ಆರೈಕೆ

ಇಂಬಳ ಹಿಡಿದರೆ ಉಪ್ಪು ಅಥವಾ ಸುಣ್ಣ ಸಾಕು. ನಿಜವಾಗಿ ಹೆದರಬೇಕಾದ್ದು ಇಲಿಜ್ವರಕ್ಕೆ. ಇಲಿಯ ಮೂತ್ರ ಬೆರೆತ ನೀರಿನಲ್ಲಿರುವ ಬ್ಯಾಕ್ಟೀರಿಯಾ ಚರ್ಮದ ಗೀರುಗಳ ಮೂಲಕ ಒಳಸೇರುತ್ತದೆ. ಕೆಸರಿನಲ್ಲಿ ಬಿದ್ದ ಸೈಕಲಿಗನ ಮೊಣಕಾಲಿಗಿಂತ ಸುಲಭದ ಬಾಗಿಲು ಅದಕ್ಕೆ ಬೇಕಿಲ್ಲ. ಕಾಲಿನಲ್ಲಿ ಗಾಯವಿದ್ದರೆ ಹೋಗಬೇಡಿ. ಮಳೆಗಾಲವಿಡೀ ಹೋಗುವವರು ಮುಂಜಾಗ್ರತೆಯ ಮಾತ್ರೆಯ ಬಗ್ಗೆ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕೇಳಬೇಕು. ಸವಾರಿಯ ನಂತರದ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಕೆಸರುನೀರಿನಲ್ಲಿ ನಡೆದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಬೇಕು, ಹೇಳದಿದ್ದರೆ ಅವರು ಸಾಮಾನ್ಯ ಜ್ವರವೆಂದೇ ತಿಳಿಯುವ ಸಾಧ್ಯತೆಯಿದೆ. ಸೋಗೆಯ ರಾಶಿಗೆ ಬರಿಗೈ ಹಾಕಬೇಡಿ. ಹಾವು ಕಚ್ಚಿದರೆ ಕಟ್ಟು ಬಿಗಿಯದೆ, ಕೊಯ್ಯದೆ, ಕಚ್ಚಿದ ಅಂಗವನ್ನು ಅಲುಗಾಡಿಸದೆ ಪ್ರತಿವಿಷವಿರುವ ಆಸ್ಪತ್ರೆಗೆ ಹೋಗಬೇಕು, ತುರ್ತಿಗೆ 112.

ಹಂತ 7: ಮನೆಗೆ ಬಂದ ಮೇಲೆ

ಸೈಕಲನ್ನು ಅಂದೇ ತೊಳೆಯಬೇಕು, ಒಣಗಿದ ಕೆಂಪು ಮಣ್ಣು ಗಾರೆಯಂತೆ ಕೂರುತ್ತದೆ. ತೋಡಿನಲ್ಲೋ ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಬಾವಿಯ) ನೀರು ತುಂಬುವ ಕೆರೆಯ ಬಳಿಯೋ ತೊಳೆಯುವುದು ತಪ್ಪು. ಚೈನಿನ ಎಣ್ಣೆ ಇಳಿಯುವ ಆ ನೀರನ್ನು ಕೆಳಗಿನ ಮನೆಯವರು ಕುಡಿಯುತ್ತಾರೆ. ಅಂಗಳದಲ್ಲಿ ಎರಡು ಬಕೆಟ್ ನೀರು ಸಾಕು. ಮೊದಲು ಕೋಲಿನಿಂದ ದಪ್ಪ ಮಣ್ಣನ್ನು ಕೆರೆದು, ನೀರನ್ನು ಮೇಲಿಂದ ಸುರಿದು, ಪಾತ್ರೆ ತೊಳೆಯುವ ಸಾಬೂನಿನ ನೀರಿನಲ್ಲಿ ಬ್ರಷ್ ಅದ್ದಿ ಉಜ್ಜಬೇಕು. ವಾಹನ ತೊಳೆಯುವ ಅಂಗಡಿಗಳ ಒತ್ತಡದ ಪೈಪನ್ನು ಚಕ್ರದ ಅಚ್ಚಿಗೂ ಪೆಡಲಿನ ಅಚ್ಚಿಗೂ ಹಿಡಿಯಬಾರದು, ಅದು ಗ್ರೀಸನ್ನು ಹೊರದೂಡಿ ನೀರನ್ನು ಒಳತಳ್ಳುತ್ತದೆ.

ಆಮೇಲೆ ಸೀಟಿನ ಕಂಬವನ್ನು ಪೂರ್ತಿ ಹೊರತೆಗೆದು ಸೈಕಲನ್ನು ತಲೆಕೆಳಗಾಗಿ ಅರ್ಧ ಗಂಟೆ ಇಡಿ. ಚೌಕಟ್ಟಿನೊಳಗಿಂದ ಒಂದು ಲೋಟದಷ್ಟು ಕೆಂಪು ನೀರು ಇಳಿಯುವುದನ್ನು ಕಂಡರೆ ಈ ಕೆಲಸವನ್ನು ಮತ್ತೆಂದೂ ಬಿಡುವುದಿಲ್ಲ. ಚೈನನ್ನು ಒಣಬಟ್ಟೆಯಿಂದ ಒರೆಸಿ, ಅಡುಗೆಮನೆಯ ಒಲೆಯ ಬಿಸಿ ತಾಗುವ ಗೋಡೆಯ ಬಳಿ ಸೈಕಲನ್ನು ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆಯೇ ಎಣ್ಣೆ ಬಿಡಬೇಕು. ತೋಡಿನ ನೀರು ಚಕ್ರದ ಅಚ್ಚಿನ ಮೇಲೆ ಬಂದಿದ್ದರೆ ಮರುದಿನ ಚಕ್ರವನ್ನು ಎತ್ತಿ ನಿಧಾನವಾಗಿ ತಿರುಗಿಸಿ, ಚೌಕಟ್ಟಿಗೆ ಕಿವಿಯಿಟ್ಟು ಕೇಳಿ. ಹುಡಿ ಅರೆದಂಥ ಸದ್ದು ಬಂದರೆ ಅಚ್ಚನ್ನು ಬಿಚ್ಚಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ತುಂಬಿದ ಮೇಲೆಯೇ ಮುಂದಿನ ಸವಾರಿಗೆ ಹೊರಡಬೇಕು.